ಕುಲುಮೆಯ ಸುದ್ದಿ ತರುವ ಎರಡು ತಂತಿಗಳು

ಕಾರ್ಖಾನೆಯ ಕುಲುಮೆ ಉರಿಯುವುದು ಒಂದೆಡೆ. ಅದರ ಉಷ್ಣತೆಯನ್ನು ನೋಡಿ ತೀರ್ಮಾನ ಕೈಗೊಳ್ಳುವ ಕೊಠಡಿ ನೂರಾರು ಮೀಟರು ದೂರದಲ್ಲಿ. ನಡುವೆ ಇರುವುದು ಎರಡೇ ತಂತಿಗಳು. ಅವು ಸುದ್ದಿಯನ್ನು ಕೆಡದಂತೆ ಮುಟ್ಟಿಸುವುದು ಹೇಗೆ?

ಭಿನ್ನ ಲೋಹಗಳ ಎರಡು ತಂತಿಗಳನ್ನು ಬೆಸೆದು, ಆ ಬೆಸುಗೆಯನ್ನು ಕಾಯಿಸಿದರೆ ಅಲ್ಪ ವೋಲ್ಟೇಜು ಹುಟ್ಟುತ್ತದೆ. 1821ರಲ್ಲಿ ಸೀಬೆಕ್ ಗುರುತಿಸಿದ ಪರಿಣಾಮವಿದು. ಉಷ್ಣಯುಗ್ಮಕ್ಕೆ ಇದೇ ಆಧಾರ. ಕ್ರೋಮೆಲ್–ಅಲ್ಯೂಮೆಲ್ ಯುಗ್ಮದಲ್ಲಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ದೊರೆಯುವುದು ಸುಮಾರು 41 ಮೈಕ್ರೋವೋಲ್ಟ್ ಮಾತ್ರ. ಇಷ್ಟು ಕ್ಷೀಣವಾದ ಸಂಜ್ಞೆ ಮೋಟಾರುಗಳ ನಡುವೆ ದೂರ ಸಾಗಿದರೆ ಕಲುಷಿತವಾಗುವುದು ಸಹಜ. ಆದುದರಿಂದ ಕುಲುಮೆಯ ಬಳಿಯಲ್ಲಿಯೇ ಟ್ರಾನ್ಸ್‌ಮಿಟರ್ ಎಂಬ ಉಪಕರಣವನ್ನಿಟ್ಟು, ವೋಲ್ಟೇಜನ್ನು ವಿದ್ಯುತ್ ಪ್ರವಾಹವಾಗಿ ಮಾರ್ಪಡಿಸುತ್ತಾರೆ.

ಪ್ರವಾಹವೇ ಏಕೆ? ಒಂದೇ ಸರಣಿಯ ಮಂಡಲದಲ್ಲಿ ಪ್ರವಾಹ ಎಲ್ಲೆಡೆಯೂ ಸಮನಾಗಿರುತ್ತದೆಂಬುದನ್ನು ನಾವು ಬಲ್ಲೆವು. ತಂತಿ ಉದ್ದವಾದರೂ ಟ್ರಾನ್ಸ್‌ಮಿಟರ್ ಕಳುಹಿಸಿದಷ್ಟೇ ಪ್ರವಾಹ ಕೊಠಡಿಗೆ ಬರುತ್ತದೆ. ರೂಢಿಯ ಅಳತೆ 4ರಿಂದ 20 ಮಿಲಿಆಂಪಿಯರ್. ವ್ಯಾಪ್ತಿ 0ಯಿಂದ 1000 ಡಿಗ್ರಿ ಆಗಿದ್ದರೆ 4 ಎಂದರೆ ಸೊನ್ನೆ, 12 ಎಂದರೆ 500, 20 ಎಂದರೆ 1000 ಡಿಗ್ರಿ. ಸೊನ್ನೆ ಡಿಗ್ರಿಗೆ 4 ಮಿಲಿಆಂಪಿಯರನ್ನು ಇಟ್ಟುದರಿಂದ ಎರಡು ಲಾಭಗಳುಂಟು: ತಂತಿ ಕಡಿದರೆ ಪ್ರವಾಹ ಪೂರ್ತಿಯಾಗಿ ನಿಂತು ದೋಷ ಬಯಲಾಗುತ್ತದೆ, ಟ್ರಾನ್ಸ್‌ಮಿಟರಿನ ಪೋಷಣೆಗೂ ಅದೇ ಪ್ರವಾಹ ಒದಗುತ್ತದೆ. ಹೀಗೆ ಶಕ್ತಿಯನ್ನು ಒಯ್ಯುವ ತಂತಿಗಳೇ ಸುದ್ದಿಯನ್ನೂ ತರುತ್ತವೆ.

ಆದರೆ ಪ್ರವಾಹವನ್ನು ತಳ್ಳಲು ಸಾಕಷ್ಟು ವೋಲ್ಟೇಜು ಇರಲೇಬೇಕು. ಟ್ರಾನ್ಸ್‌ಮಿಟರಿಗೆ ಕನಿಷ್ಠ 12 ವೋಲ್ಟ್ ಬೇಕೆಂದೂ, ಪೂರೈಕೆ ರೂಢಿಯ 24 ವೋಲ್ಟ್ ಎಂದೂ ಇಟ್ಟುಕೊಳ್ಳೋಣ. ಉಳಿದ 12 ವೋಲ್ಟನ್ನು 0.020 ಆಂಪಿಯರಿನಿಂದ ಭಾಗಿಸಿದರೆ 600 ಓಮ್. ತಂತಿಗಳ ಮತ್ತು ಗ್ರಾಹಕ ಯಂತ್ರದ ರೋಧಗಳು ಕೂಡಿ ಇದನ್ನು ಮೀರಕೂಡದು. ಗ್ರಾಹಕದಲ್ಲಿ ಸಾಮಾನ್ಯವಾಗಿ 250 ಓಮ್ ರೋಧವಿದ್ದು, ಅದರ ತುದಿಗಳಲ್ಲಿ 1ರಿಂದ 5 ವೋಲ್ಟ್ ದೊರೆಯುತ್ತದೆ.

ಈ ಲೆಕ್ಕವನ್ನು ಅಲಕ್ಷಿಸಿದರೆ ಏನಾದೀತು? ಪೂರೈಕೆ 18 ವೋಲ್ಟ್, ಒಟ್ಟು ರೋಧ 400 ಓಮ್ ಇರಲಿ. ರೋಧಗಳ ಪಾಲಿಗೆ ಉಳಿಯುವುದು 6 ವೋಲ್ಟ್. ಅಂದರೆ ಪ್ರವಾಹ 15 ಮಿಲಿಆಂಪಿಯರನ್ನು ಮೀರಲಾರದು. ಕುಲುಮೆ 900 ಡಿಗ್ರಿಗೆ ಏರಿದ್ದರೂ ಕೊಠಡಿಯ ಮುಳ್ಳು ಹೆಚ್ಚೆಂದರೆ ಸುಮಾರು 687 ಡಿಗ್ರಿಯನ್ನು ತೋರಿಸೀತು! ಕೆಳಗಿನ ಉಷ್ಣತೆಗಳಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಈ ದೋಷ ಇನ್ನಷ್ಟು ಅಪಾಯಕಾರಿ. ಅಪಾಯವನ್ನು ಸಾರಬೇಕಾದ ಗಳಿಗೆಯಲ್ಲಿಯೇ ಉಪಕರಣ ಮೂಕವಾಗುತ್ತದೆ.

ಆದುದರಿಂದ ವೋಲ್ಟೇಜನ್ನು ಪರೀಕ್ಷಿಸಬೇಕಾದುದು ಕನಿಷ್ಠ ಪ್ರವಾಹದಲ್ಲಲ್ಲ, ಗರಿಷ್ಠ ಪ್ರವಾಹದಲ್ಲಿ. ದೋಷಸೂಚನೆಗಾಗಿ 21 ಮಿಲಿಆಂಪಿಯರಿಗೂ ಹೆಚ್ಚು ಪ್ರವಾಹವನ್ನು ಕಳುಹಿಸುವ ಉಪಕರಣಗಳೂ ಇರುವುದರಿಂದ ತುಸು ಮಿಗಿತೆಯನ್ನಿಡುವುದು ಲೇಸು. ತರಗತಿಯಲ್ಲಿ ಕಲಿತ ಓಮನ ನಿಯಮ ಕುಲುಮೆಯನ್ನು ಕಾಯುವ ಬಗೆ ಇದು.