ದೇಶದೇಶಗಳ ಬೆಳಗಿನ ಕಾಫಿ

ದೇಶಸಂಚಾರವೆಂದರೆ ಅರಮನೆ, ದೇವಾಲಯ, ಜಲಪಾತ, ವಸ್ತುಸಂಗ್ರಹಾಲಯಗಳನ್ನು ನೋಡಿ ಬರುವುದೆಂದು ಬಹುಮಂದಿ ಭಾವಿಸಿರುವರು. ಅವೆಲ್ಲವೂ ನೋಡತಕ್ಕವೇ ಸರಿ. ಆದರೆ ಒಂದು ನಾಡಿನ ನಿತ್ಯಜೀವನವನ್ನು ಅರಿಯಬೇಕೆನ್ನುವವರು ಅಲ್ಲಿಯ ಜನರು ಬೆಳಗ್ಗೆ ಎದ್ದು ಏನನ್ನು ಕುಡಿಯುವರು, ಎಲ್ಲಿ ಕುಡಿಯುವರು, ಯಾರೊಡನೆ ಕುಡಿಯುವರು ಎಂಬುದನ್ನೂ ಗಮನಿಸಬೇಕು. ಮನೆಯ ಕಾಫಿಪುಡಿಯನ್ನು ಪೊಟ್ಟಣ ಕಟ್ಟಿಕೊಂಡು ಹೊರಡುವ ಪ್ರವಾಸಿಗಳನ್ನು ನಾವು ಹಳಿಯುವುದಿಲ್ಲ. ನಾಲಗೆಯ ಅಭ್ಯಾಸವು ಸುಲಭವಾಗಿ ಬಿಡುವಂಥದಲ್ಲ. ಆದರೂ ಹೋದ ಊರಿನಲ್ಲಿ ಬೆಳಗಿನ ಒಂದು ಬಟ್ಟಲನ್ನಾದರೂ ಆ ಊರವರಂತೆಯೇ ಕುಡಿದು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಈ ಯಾತ್ರೆಯನ್ನು ಕಾಫಿಯ ತವರಾದ ಇಥಿಯೋಪಿಯಾದಿಂದ ಆರಂಭಿಸುವುದು ಯುಕ್ತ. ಅಲ್ಲಿ ಮನೆಯಾಕೆಯು ನೆಲದ ಮೇಲೆ ಹಸಿರು ಹುಲ್ಲನ್ನು ಹರಡಿ, ಧೂಪವನ್ನು ಹಾಕಿ, ಎಲ್ಲರ ಎದುರಿನಲ್ಲಿ ಕುಳಿತು ಹಸಿಯ ಬೀಜಗಳನ್ನು ತೊಳೆದು ಹುರಿಯುವಳು. ಹುರಿದ ಬೀಜದ ಹೊಗೆಯನ್ನು ಅತಿಥಿಗಳ ಬಳಿಗೆ ಒಯ್ದು, ಅವರು ಪರಿಮಳವನ್ನು ಆಘ್ರಾಣಿಸಿದ ಬಳಿಕ ಬೀಜವನ್ನು ಒರಳಿನಲ್ಲಿ ಕುಟ್ಟುವಳು. ಉದ್ದ ಕೊರಳಿನ ಮಣ್ಣಿನ ಹೂಜಿಯಲ್ಲಿ ಅದನ್ನು ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಮೇಲಿನಿಂದ ಸಣ್ಣ ಧಾರೆಯಾಗಿ ಸುರಿಯುವಳು. ಒಂದೇ ಪುಡಿಗೆ ಮತ್ತೆ ಮತ್ತೆ ನೀರೆರೆದು ಮೂರು ಸಲ ಬಡಿಸುವುದು ಸಂಪ್ರದಾಯ. ಮೂರನೆಯ ಬಟ್ಟಲಿಗೆ ಅವರ ಭಾಷೆಯಲ್ಲಿ ಆಶೀರ್ವಾದವೆಂಬ ಅರ್ಥದ ಹೆಸರಿದೆ. ಅದನ್ನು ಕುಡಿಯದೆ ಎದ್ದುಹೋಗುವುದು ಮರ್ಯಾದೆಯಲ್ಲ. ಇಷ್ಟಕ್ಕೆಲ್ಲ ಒಂದು ಗಂಟೆಯಾದರೂ ಹಿಡಿಯುವುದು. ನೆರೆಹೊರೆಯ ಸುಖದುಃಖಗಳ ಮಾತೆಲ್ಲವೂ ಅಷ್ಟರಲ್ಲಿ ನಡೆದುಹೋಗುವುದು.

ಕೆಂಪು ಸಮುದ್ರವನ್ನು ದಾಟಿದರೆ ಯೆಮೆನ್ ದೇಶ. ಹದಿನೈದನೆಯ ಶತಮಾನದಲ್ಲಿ ಅಲ್ಲಿಯ ಸೂಫಿ ಸಾಧಕರು ರಾತ್ರಿಯ ಪ್ರಾರ್ಥನೆಯಲ್ಲಿ ನಿದ್ರೆ ಬಾರದಿರಲೆಂದು ಕಾಫಿಯನ್ನು ಕುಡಿಯುತ್ತಿದ್ದರು. ಆ ನಾಡಿನಿಂದಲೇ ಬಾಬಾಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ನೆಟ್ಟರೆಂಬ ಐತಿಹ್ಯವು ನಮ್ಮವರಿಗೆಲ್ಲ ತಿಳಿದಿದೆ. ಆದರೆ ಕಾಫಿಯ ಹಣ್ಣಿನ ಒಣಗಿದ ಸಿಪ್ಪೆಯನ್ನು ಶುಂಠಿಯೊಡನೆ ಕುದಿಸಿ ಕುಡಿಯುವ ರೂಢಿಯೂ ಆ ಜನರಲ್ಲಿ ಹಿಂದಿನಿಂದ ಬಂದಿದೆ ಎಂಬುದನ್ನು ಬಲ್ಲವರು ವಿರಳ. ಬೆಲೆಬಾಳುವ ಬೀಜವು ಹಡಗು ಹತ್ತಿತು. ಸಿಪ್ಪೆಯು ಬೆಳೆದವನ ಮನೆಯಲ್ಲಿ ಉಳಿಯಿತು!

ತುರ್ಕಿಯಲ್ಲಿ ಬೆಳಗಿನ ಉಪಾಹಾರಕ್ಕೆ ‘ಕಹ್ವಾಲ್ತಿ’ ಎಂದು ಹೆಸರು. ಕಾಫಿಗೆ ಮುಂಚಿನದು ಎಂಬುದು ಅದರ ಅರ್ಥ. ಈಗ ಉಪಾಹಾರದ ಜೊತೆಗೆ ಅವರು ಚಹವನ್ನೇ ಕುಡಿಯುವರಾದರೂ ಶಬ್ದವು ಹಳೆಯ ಕಥೆಯನ್ನು ಮರೆತಿಲ್ಲ. ಕಾಫಿಯನ್ನು ಹಿಟ್ಟಿನಂತೆ ನುಣ್ಣಗೆ ಬೀಸಿ, ಸಕ್ಕರೆಯೊಡನೆ ಸಣ್ಣ ಉರಿಯಲ್ಲಿ ಕಾಯಿಸಿ, ಮೇಲೆ ನೊರೆ ನಿಲ್ಲುವಂತೆ ಬಗ್ಗಿಸುವರು. ಗಸಿಯು ತಳಕ್ಕಿಳಿಯುವವರೆಗೆ ಕಾಯಬೇಕು. ಆತುರಗಾರನಿಗೆ ಅದು ಬಾಯಿಗೆ ಬರುವುದು.

ಇಟಲಿಯ ರೀತಿ ಇದಕ್ಕೆ ತೀರ ವಿರುದ್ಧ. 1901ರಲ್ಲಿ ಮಿಲಾನ್ ನಗರದ ಲೂಯಿಜಿ ಬೆಜ಼ೇರಾ ಎಂಬಾತನು ಹಬೆಯ ಒತ್ತಡದಿಂದ ಕ್ಷಣಮಾತ್ರದಲ್ಲಿ ಕಾಫಿಯನ್ನು ಇಳಿಸುವ ಯಂತ್ರಕ್ಕೆ ಹಕ್ಕುಪತ್ರವನ್ನು ಕೋರಿದನು. ಇಂದು ಅಲ್ಲಿಯ ಜನರು ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಾಫಿಯಂಗಡಿಯ ಕಟ್ಟೆಗೆ ಒರಗಿ, ನಿಂತುಕೊಂಡೇ, ಎರಡು ಮೂರು ಗುಟುಕಿನಲ್ಲಿ ಬಟ್ಟಲನ್ನು ಮುಗಿಸುವರು. ಹಾಲುನೊರೆಯ ಕಾಪುಚೀನೋ ಬೆಳಗಿನ ಪಾನೀಯ. ಮಧ್ಯಾಹ್ನದ ಊಟವಾದ ಮೇಲೆ ಅದನ್ನು ಕೇಳಿದವನು ಪರದೇಶಿಯೆಂದು ಒಡನೆಯೇ ಗೊತ್ತಾಗುವುದು. ಅಷ್ಟು ಅವಸರದಲ್ಲಿಯೂ ಅಂಗಡಿಯವನು ಬಂದವರನ್ನು ಹೆಸರು ಹಿಡಿದು ವಿಚಾರಿಸುವುದುಂಟು.

ಸ್ವೀಡನ್ನಿನಲ್ಲಿ 1756ರಲ್ಲಿ ಕಾಫಿಯನ್ನು ರಾಜಾಜ್ಞೆಯಿಂದಲೇ ನಿಷೇಧಿಸಿದ್ದರು. ಮುಂದೆಯೂ ಹಲವು ಸಲ ನಿಷೇಧವಾಯಿತು. ಇಂದು ಅದೇ ದೇಶದ ಕಚೇರಿಗಳಲ್ಲಿ ಮುಂಜಾನೆ ಒಂದು ಹೊತ್ತು ಕೆಲಸವನ್ನು ನಿಲ್ಲಿಸಿ, ಮೇಲಧಿಕಾರಿಯೂ ಗುಮಾಸ್ತನೂ ಒಂದೇ ಮೇಜಿನ ಸುತ್ತ ಕಾಫಿ ಕುಡಿಯುವರು. ಇದಕ್ಕೆ ‘ಫೀಕಾ’ ಎನ್ನುವರು. ‘ಕಾಫಿ’ ಎಂಬ ಶಬ್ದವನ್ನೇ ಹಿಂದುಮುಂದು ಮಾಡಿ ಹುಟ್ಟಿದ ಮಾತಿದು.

ಪೂರ್ವಕ್ಕೆ ತಿರುಗಿದರೆ, ಕಾಫಿಯ ಬೆಳೆಯಲ್ಲಿ ಬ್ರೆಜಿಲಿನ ತರುವಾಯ ಎರಡನೆಯ ಸ್ಥಾನದಲ್ಲಿರುವ ವಿಯೆಟ್ನಾಂ ದೇಶವು ಸಿಗುವುದು. ಅಲ್ಲಿ ಬೀದಿಯ ಬದಿಯ ಗಿಡ್ಡ ಮಣೆಗಳ ಮೇಲೆ ಕುಳಿತವರ ಮುಂದೆ ಪ್ರತಿಯೊಬ್ಬರಿಗೂ ಒಂದೊಂದು ಪುಟ್ಟ ಲೋಹದ ಫಿಲ್ಟರನ್ನು ಇಡುವರು. ಗಟ್ಟಿಹಾಲಿನ ಮೇಲೆ ಕಪ್ಪು ಕಾಫಿಯು ತೊಟ್ಟು ತೊಟ್ಟಾಗಿ ಬೀಳುವುದನ್ನು ನೋಡುತ್ತ ಕೂಡುವುದೇ ಅವರಿಗೆ ಸುಖ. ಜಪಾನಿನ ನಗೋಯಾ ಪ್ರಾಂತದಲ್ಲಿಯಾದರೋ, ಬೆಳಗ್ಗೆ ಕಾಫಿಯ ಬೆಲೆಯನ್ನು ಕೊಟ್ಟರೆ ಹುರಿದ ರೊಟ್ಟಿಯೂ ಬೇಯಿಸಿದ ಮೊಟ್ಟೆಯೂ ಜೊತೆಗೆ ಬರುವುದು. ಮಗ್ಗಗಳ ಸದ್ದಿನಲ್ಲಿ ಮಾತು ಕೇಳಿಸದೆ ಬಟ್ಟೆಯ ವ್ಯಾಪಾರಿಗಳು ಕಾಫಿಯಂಗಡಿಗೆ ಬಂದು ವ್ಯವಹಾರ ನಡೆಸುತ್ತಿದ್ದರೆಂದೂ, ಅವರ ಉಪಚಾರಕ್ಕಾಗಿ ಈ ಪದ್ಧತಿಯು ಹುಟ್ಟಿತೆಂದೂ ಅಲ್ಲಿಯವರು ಹೇಳುವರು.

ಇಷ್ಟು ದೇಶಗಳನ್ನು ಸುತ್ತಿದ ಮೇಲೆ ನಮಗೆ ತೋರುವುದಿಷ್ಟು: ಪಾತ್ರೆ ಬೇರೆ, ಹದ ಬೇರೆ, ಹೊತ್ತು ಬೇರೆ, ಆದರೆ ಈ ಬಟ್ಟಲಿನ ಸವಿಯಲ್ಲಿ ಅರ್ಧಪಾಲು ಜೊತೆಗಾರರದು. ಈಗ ನಮ್ಮ ಮನೆಯನ್ನು ನೋಡೋಣ. ಎಲ್ಲರಿಗಿಂತ ಮೊದಲು ಎದ್ದು, ಹಾಲು ಕಾಯಿಸಿ, ಅತ್ತೆಮಾವಂದಿರಿಗೆ, ಯಜಮಾನರಿಗೆ, ಮಕ್ಕಳಿಗೆ ಬಿಸಿಬಿಸಿಯಾಗಿ ಕೊಟ್ಟು, ಕಟ್ಟಕಡೆಗೆ ಒಲೆಯ ಬಳಿಯಲ್ಲಿಯೇ ನಿಂತು ಆರಿದ ಕಾಫಿಯನ್ನು ಕುಡಿಯುವ ಗೃಹಿಣಿಯರು ಎಷ್ಟು ಮಂದಿ! ಇಥಿಯೋಪಿಯಾದ ಮನೆಯಾಕೆಯೂ ತಾನೇ ಕಾಫಿ ಮಾಡುವಳು. ಆದರೆ ಅವಳು ಮಾಡುವುದು ಎಲ್ಲರ ನಡುವೆ ಕುಳಿತು, ಎಲ್ಲರೂ ಅವಳಿಗಾಗಿ ಕಾದು.

ನಮ್ಮ ಫಿಲ್ಟರು ಇದಕ್ಕೆ ಅನುಕೂಲವನ್ನು ಮಾಡಿಯೇ ಕೊಟ್ಟಿದೆ. ರಾತ್ರಿ ಮಲಗುವ ಮುನ್ನ ಯಾರಾದರೂ ಪುಡಿ ಹಾಕಿ ಬಿಸಿನೀರೆರೆದರೆ ಬೆಳಗಾಗುವುದರೊಳಗೆ ಡಿಕಾಕ್ಷನ್ ಇಳಿದಿರುವುದು. ಉಳಿದುದು ಹಾಲು ಕಾಯಿಸುವ ಕೆಲಸವೊಂದೇ. ಅದನ್ನು ಯಜಮಾನರೂ ಮಾಡಬಲ್ಲರು, ಬೆಳೆದ ಮಕ್ಕಳೂ ಮಾಡಬಲ್ಲರು. ಹೀಗೆ ದಿನಕ್ಕೆ ಹತ್ತು ನಿಮಿಷ ಮನೆಯವರೆಲ್ಲರೂ ಒಟ್ಟಿಗೆ ಕುಳಿತು, ಎಲ್ಲರ ಲೋಟವೂ ಬಿಸಿಯಾಗಿರುವಾಗಲೇ ಕುಡಿಯುವಂತಾದರೆ, ಪರದೇಶವನ್ನು ಕಾಣದವರಿಗೂ ಪ್ರವಾಸದ ಫಲವು ಮನೆಯಲ್ಲಿಯೇ ದೊರಕಿದಂತಾಗುವುದು.