ಗಳಿಕೆಯ ದಾರಿ: ಮೊಬೈಲಿನ ಅಂಗಡಿಯೂ ಮೋಸದ ಸರಪಣಿಯೂ



ಕಳೆದ ದೀಪಾವಳಿಯ ರಜೆಗೆ ಮುಂಚೆ ಒಂದು ಸಂಜೆ, ಶಾಲೆ ಬಿಡುವ ಹೊತ್ತಿಗೆ, ಹತ್ತನೆಯ ತರಗತಿಯ ಒಬ್ಬ ಹುಡುಗನ ತಾಯಿ ನನ್ನನ್ನು ಕಾಣಲು ಬಂದರು. ಕೈಯಲ್ಲಿ ಮಗನ ಮೊಬೈಲು, ಸೆರಗಿನ ತುದಿಯಲ್ಲಿ ಗಂಟು. "ಸರ್, ಇದನ್ನೊಂದಿಷ್ಟು ಓದಿ ಹೇಳ್ರಿ. ಇನ್ನೂ ಹನ್ನೆರಡು ಸಾವಿರ ತುಂಬಿದ್ರ ಎಲ್ಲಾ ರೊಕ್ಕ ಒಮ್ಮೆಲೇ ಬರತೈತಿ ಅಂತಾನ ಹುಡುಗ" ಎಂದರು. ಗಂಟಿನಲ್ಲಿದ್ದುದು ಅವರ ಕಿವಿಯ ಬೆಂಡೋಲೆ. ಅಡವಿಡಲು ಹೊರಟವರು, ಹೋಗುವ ದಾರಿಯಲ್ಲಿ ಶಾಲೆಯ ಬಾಗಿಲಿಗೆ ಬಂದಿದ್ದರು.

ಅಂದು ನಾನು ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಕಲಿಸುವ ಶಿಕ್ಷಕನಿಗೆ ವ್ಯಾಪಾರದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಓದಿದ್ದನ್ನು ಅರ್ಥಮಾಡಿಕೊಳ್ಳುವುದನ್ನು ಕಲಿಸುವುದೇ ನನ್ನ ಕೆಲಸ. ಮೊಬೈಲಿನಲ್ಲಿ ಬರುವ ಸಂದೇಶವೂ ಒಂದು ಪಾಠವೇ. ಅದರ ಅರ್ಥ ತಿಳಿಯದಿದ್ದರೆ ಅಂಕವಲ್ಲ, ಮನೆಯ ಬೆಂಡೋಲೆ ಹೋಗುತ್ತದೆ.

ಮೊದಲು ನಿಜವಾದ ವ್ಯಾಪಾರ

ಮನೆಯಲ್ಲಿ ಕುಳಿತು ಮೊಬೈಲಿನ ಮೂಲಕ ವ್ಯಾಪಾರ ಮಾಡುವುದು ಸಾಧ್ಯವೇ? ಖಂಡಿತ ಸಾಧ್ಯ. ನಮ್ಮ ಸೊಲ್ಲಾಪುರ ಜಿಲ್ಲೆಯೇ ಇದಕ್ಕೆ ಸಾಕ್ಷಿ. ಸೊಲ್ಲಾಪುರದ ಚಾದರ ಮತ್ತು ಟವೆಲುಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ಇದೆ. ಇಲ್ಲಿಯ ಶೇಂಗಾ ಚಟ್ನಿ ಮತ್ತು ಕಡಕ್ ರೊಟ್ಟಿ ಪುಣೆ, ಮುಂಬಯಿಗಳ ಮನೆಗಳನ್ನು ತಲುಪುತ್ತವೆ. ಜೋಳದ ಮೆತ್ತನೆಯ ರೊಟ್ಟಿ ಮರುದಿನಕ್ಕೆ ಕೆಡುತ್ತದೆ. ಅದನ್ನೇ ತೆಳ್ಳಗೆ ತಟ್ಟಿ, ನೀರಿನಂಶ ಪೂರ್ತಿ ಆರುವ ತನಕ ಒಣಗಿಸಿದರೆ ಬಹುದಿನ ಬಾಳುತ್ತದೆ; ತೂಕವೂ ಕಡಿಮೆ. ಕೆಡದೆ ಬಾಳುವುದು, ಹಗುರವಾಗಿರುವುದು, ಬೇರೆಡೆ ಸುಲಭವಾಗಿ ಸಿಗದಿರುವುದು: ದೂರದ ಊರಿಗೆ ಮಾರುವ ಸರಕಿಗೆ ಈ ಮೂರು ಗುಣ ಬೇಕು. ನಮ್ಮ ಅಜ್ಜಿಯರು ಬುತ್ತಿಗೆಂದು ಕಂಡುಕೊಂಡ ವಿದ್ಯೆಯಲ್ಲಿ ಮೂರೂ ಇವೆ.

ಆದರೆ ಸರಕು ಒಳ್ಳೆಯದಾದ ಮಾತ್ರಕ್ಕೆ ಲಾಭ ಬರುವುದಿಲ್ಲ, ಲೆಕ್ಕ ಬೇಕು. ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಅಂಕಿಗಳು ತಿಳಿವಳಿಕೆಗಾಗಿ ಮಾತ್ರ. ನಿಮ್ಮೂರಿನ ಬೆಲೆ ಹಾಕಿಕೊಂಡು ನೀವೇ ಬಿಡಿಸಿ ನೋಡಿರಿ.

ಅರ್ಧ ಕಿಲೋ ಶೇಂಗಾ ಚಟ್ನಿಯ ಪೊಟ್ಟಣವನ್ನು 200 ರೂಪಾಯಿಗೆ ಮಾರುತ್ತೇವೆ ಎನ್ನಿ. ಶೇಂಗಾ, ಖಾರ, ಬೆಳ್ಳುಳ್ಳಿ, ಉಪ್ಪು, ಗ್ಯಾಸು ಸೇರಿ 90 ರೂಪಾಯಿ. ಚೀಲ, ಚೀಟಿ, ಡಬ್ಬಿ 15. ಅಂಚೆ ಅಥವಾ ಕೊರಿಯರ್ ಖರ್ಚು 50. ಮಾರಿಕೊಡುವ ಆನ್‌ಲೈನ್ ಮಳಿಗೆಯ ಪಾಲು 12. ಒಡೆದುಹೋದ, ಮರಳಿ ಬಂದ ಪೊಟ್ಟಣಗಳ ನಷ್ಟ ಹಂಚಿದರೆ ಒಂದಕ್ಕೆ 10. ಎಲ್ಲ ಕಳೆದರೆ ಉಳಿಯುವುದು 23 ರೂಪಾಯಿ. ಇಬ್ಬರು ದಿನವಿಡೀ ದುಡಿದು 20 ಪೊಟ್ಟಣ ಸಿದ್ಧಪಡಿಸಿದರೆ ಒಟ್ಟು 460, ಒಬ್ಬರಿಗೆ 230. ಇದು ಲಾಭವಲ್ಲ, ಕೂಲಿ. ಅದೂ ಕಡಿಮೆ ಕೂಲಿ. ತಾಯಂದಿರ ಶ್ರಮಕ್ಕೆ ಬೆಲೆ ಕಟ್ಟದೆ "ಲಾಭ ಬಂತು" ಎನ್ನುವ ಮನೆಗಳನ್ನು ನಾನು ಕಂಡಿದ್ದೇನೆ.

ಈಗ ಇದೇ ಲೆಕ್ಕದಲ್ಲಿ ಒಂದೇ ಬದಲಾವಣೆ ಮಾಡೋಣ. ಎರಡು ಪೊಟ್ಟಣಕ್ಕೆ ಕಡಿಮೆ ಕಳಿಸುವುದಿಲ್ಲ ಎಂದು ನಿಯಮ ಮಾಡಿದರೆ, ಒಂದು ಕಿಲೋ ಒಂದೇ ಡಬ್ಬಿಯಲ್ಲಿ ಹೋಗುತ್ತದೆ. ಸಾಗಣೆಗೆ 100ರ ಬದಲು 70, ಡಬ್ಬಿ ಚೀಟಿಗೆ 30ರ ಬದಲು 25 ಸಾಕಾಯಿತು ಎನ್ನಿ. ಬಂದದ್ದು 400, ಖರ್ಚು 180, 25, 70, 24 ಮತ್ತು 20, ಉಳಿದದ್ದು 81. ಅದೇ 20 ಪೊಟ್ಟಣಕ್ಕೆ 810, ಒಬ್ಬರಿಗೆ 405. ಬೆಲೆ ಏರಿಸಲಿಲ್ಲ, ಸರಕು ಕೆಡಿಸಲಿಲ್ಲ. ಸಾಗಣೆಯ ಖರ್ಚು ಎಲ್ಲಿ ಸೋರುತ್ತಿದೆ ಎಂದು ನೋಡಿದೆವು, ಅಷ್ಟೆ. ವ್ಯಾಪಾರವೆಂದರೆ ಬಹುಪಾಲು ಇಂಥ ಸೋರಿಕೆ ಹುಡುಕುವ ಕೆಲಸ. ಸರಕು ಮುಟ್ಟಿದ ಮೇಲೆ ಹಣ ಕೊಡುವ ಪದ್ಧತಿಯಲ್ಲಿ ಗಿರಾಕಿ "ಬೇಡ" ಎಂದರೆ ಹೋಗುವ, ಬರುವ ಎರಡೂ ಖರ್ಚು ನಮ್ಮ ತಲೆಗೆ. ಆದ್ದರಿಂದ ಹೊಸಬರು ಮುಂಗಡ ಹಣ ಪಡೆದೇ ಕಳಿಸುವುದು ಲೇಸು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಇಲ್ಲಿಯೂ ನಿಜ. ಮೊದಲ ದಿನವೇ ಯಂತ್ರ ತರಬೇಡಿರಿ, ಸಾಲ ಮಾಡಬೇಡಿರಿ. ಹತ್ತು ಪೊಟ್ಟಣ ಮಾಡಿ, ಪರಿಚಯವಿಲ್ಲದ ಹತ್ತು ಜನರಿಗೆ ಮಾರಿರಿ. ನೆಂಟರು ಮುಲಾಜಿಗೆ ಕೊಳ್ಳುತ್ತಾರೆ, ಅದು ಪರೀಕ್ಷೆಯಲ್ಲ. ಅಪರಿಚಿತರು ಎರಡನೆಯ ಸಲ ತಾವಾಗಿ ಕೇಳಿದರೆ ಮಾತ್ರ ಮುಂದಿನ ಹೆಜ್ಜೆ ಇಡಿರಿ.

ಗಡಿಯವರು ತಿಳಿಯಬೇಕಾದದ್ದು

ಆಹಾರ ಮಾರುವವರು, ಮನೆಯಲ್ಲಿ ಮಾಡಿದರೂ, ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಿ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಅಚ್ಚುಹಾಕಬೇಕು. ಸಣ್ಣ ಉದ್ಯಮಗಳಿಗೆ ಸರಕಾರ 2020ರಲ್ಲಿ ಆರಂಭಿಸಿದ 'ಉದ್ಯಮ್' ನೋಂದಣಿ ಪೂರ್ತಿ ಉಚಿತ. ಅದಕ್ಕೆ ಹಣ ಕೇಳುವವನು ಸರಕಾರದವನಲ್ಲ.

ಇನ್ನು ಜಿ.ಎಸ್.ಟಿ. ನಮ್ಮ ಅಕ್ಕಲಕೋಟೆ ತಾಲೂಕಿಗೆ ಆಳಂದ, ಅಫಜಲಪುರ, ಇಂಡಿಗಳು ನೆರೆಯ ಊರುಗಳು. ಬೀಗತನ, ಜಾತ್ರೆ, ಸಂತೆ ಎಲ್ಲಕ್ಕೂ ನಾವು ಗಡಿ ದಾಟುತ್ತೇವೆ; ಗಡಿ ಎಲ್ಲಿದೆ ಎಂಬುದೇ ನೆನಪಿರುವುದಿಲ್ಲ. ಆದರೆ ತೆರಿಗೆಯ ಕಾಯಿದೆ ಮರೆಯುವುದಿಲ್ಲ. ಮಹಾರಾಷ್ಟ್ರದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಆನ್‌ಲೈನ್ ಮಳಿಗೆಯ ಮೂಲಕ ತನ್ನ ರಾಜ್ಯದೊಳಗೇ ಮಾರುವ ಸಣ್ಣ ವ್ಯಾಪಾರಿಗೂ 2023ರ ಅಕ್ಟೋಬರ್ 1ರಿಂದ ಈ ರಿಯಾಯಿತಿ ದೊರೆತಿದೆ. ಆದರೆ ತೆರಿಗೆಗೆ ಒಳಪಡುವ ಸರಕನ್ನು ಇನ್ನೊಂದು ರಾಜ್ಯಕ್ಕೆ ಮಾರುವುದಾದರೆ, ಸಾಮಾನ್ಯವಾಗಿ ಮೊದಲ ಪೊಟ್ಟಣದಿಂದಲೇ ನೋಂದಣಿ ಬೇಕು. ಪುಣೆಗೆ ಕಳಿಸುವುದಕ್ಕೂ ಕಲಬುರಗಿಗೆ ಕಳಿಸುವುದಕ್ಕೂ ಈ ವ್ಯತ್ಯಾಸವಿದೆ. ಆದ್ದರಿಂದ ಆರಂಭಿಸುವ ಮುನ್ನ ತೆರಿಗೆ ಬಲ್ಲವರನ್ನು ಒಮ್ಮೆ ಕೇಳಿರಿ.

ಗಡಿಯಿಂದ ನಮಗೆ ಒಂದು ಲಾಭವೂ ಇದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳು ವಿಜಯಪುರದ ಗಿರಾಕಿಗೂ ಪುಣೆಯ ಗಿರಾಕಿಗೂ ಅವರವರ ಭಾಷೆಯಲ್ಲಿ ಉತ್ತರ ಬರೆಯಬಲ್ಲರು. ಇದು ಬಂಡವಾಳ, ಬ್ಯಾಂಕು ಕೊಡುವ ಬಂಡವಾಳವಲ್ಲ, ಶಾಲೆ ಕೊಟ್ಟದ್ದು.

ಬೆಳ್ಳಗಿರುವುದೆಲ್ಲ ಹಾಲಲ್ಲ

ಇನ್ನು ಆ ತಾಯಿಯ ಮಾತಿಗೆ ಬರೋಣ. ಹುಡುಗನಿಗೆ "ಮನೆಯಲ್ಲೇ ಕೆಲಸ" ಎಂಬ ಸಂದೇಶ ಬಂದಿತ್ತು. ಯಾವುದೋ ಚಿತ್ರಕ್ಕೆ ಮೆಚ್ಚುಗೆಯ ಗುರುತು ಒತ್ತಿದರೆ 50 ರೂಪಾಯಿ. ಮೂರು ಸಲ ಒತ್ತಿದ, 150 ಬಂತು. ಅನಂತರ 1,000 ತುಂಬಿಸಿಕೊಂಡು 1,300 ಮರಳಿಸಿದರು. ನಂಬಿಕೆ ಕುದುರಿತು. ಆಮೇಲೆ 5,000 ತುಂಬಿದ. ಪರದೆಯ ಮೇಲೆ 11,400 ಜಮೆ ಎಂದು ತೋರಿಸಿತು. ಆದರೆ ಅದನ್ನು ಬಿಡಿಸಿಕೊಳ್ಳಲು ಇನ್ನೂ 12,000 ತುಂಬಬೇಕಂತೆ! ಮೊದಲು ಕೊಟ್ಟದ್ದು ಸಂಬಳವಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಪರದೆಯ ಮೇಲಿನ 11,400 ಹಣವೂ ಅಲ್ಲ; ಅವರು ಬರೆದ ಅಂಕಿ ಅಷ್ಟೆ.

ಇಂಥದನ್ನು ಅಳೆಯಲು ಐದು ಪ್ರಶ್ನೆಗಳು ಸಾಕು.

ಒಂದು: ಈ ಹಣ ಎಲ್ಲಿಂದ ಬರುತ್ತದೆ? ಚಟ್ನಿಯ ಲೆಕ್ಕದಲ್ಲಿ ಹಣ ಬಂದದ್ದು ಚಟ್ನಿ ತಿಂದವನಿಂದ. ಇಲ್ಲಿ ತಿನ್ನುವವನು ಯಾರು? ಅಮೆರಿಕದ ಬಾಸ್ಟನ್ ನಗರದಲ್ಲಿ 1920ರಲ್ಲಿ ಚಾರ್ಲ್ಸ್ ಪೊಂಜಿ ಎಂಬಾತ 45 ದಿನಗಳಲ್ಲಿ ನೂರಕ್ಕೆ 50ರಷ್ಟು ಲಾಭ ಕೊಡುವೆನೆಂದು ಸಾರಿದ. ವಿದೇಶದ ಅಂಚೆ ಕೂಪನ್ನುಗಳ ವ್ಯಾಪಾರವೆಂದು ಹೇಳಿಕೊಂಡರೂ, ಹಳಬರಿಗೆ ಆತ ಕೊಡುತ್ತಿದ್ದುದು ಹೊಸಬರು ತಂದ ಹಣ. ಅದೇ ವರ್ಷ ಎಲ್ಲವೂ ಕುಸಿಯಿತು. ನೂರು ವರ್ಷ ಕಳೆದರೂ ಉಪಾಯ ಅದೇ. ಹೆಸರು ಮಾತ್ರ ಹೊಸದು.

ಎರಡು: ಮೊದಲು ಹಣ ಕೊಡುವವರು ಯಾರು? ಕೆಲಸ ಕೊಡುವವನು ಕೂಲಿ ಕೊಡುತ್ತಾನೆ, ಕೂಲಿಯವನಿಂದ ಕೇಳುವುದಿಲ್ಲ. ಕೆಲಸಕ್ಕಾಗಿ ಹಣ ತುಂಬು ಎಂದರೆ ಅಲ್ಲಿಗೇ ನಿಲ್ಲಿರಿ. 2016ರಲ್ಲಿ ಬಂದ ಯು.ಪಿ.ಐ. ಪದ್ಧತಿಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಯೇ ಇಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದೇ ಅರ್ಥ.

ಮೂರು: ಎಷ್ಟು ದಿನಕ್ಕೆ ದುಪ್ಪಟ್ಟು? ಒಂದು ಸುಲಭ ಸೂತ್ರವಿದೆ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷಕ್ಕೆ ಇಮ್ಮಡಿಯಾಗುವುದೆಂದು ಸುಮಾರಾಗಿ ತಿಳಿಯುತ್ತದೆ. ನೂರಕ್ಕೆ 8ರಂತೆ ಒಂಬತ್ತು ವರ್ಷ. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರಕ್ಕೆ 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಅವಧಿ 115 ತಿಂಗಳು, ಎಂದರೆ ಒಂಬತ್ತೂವರೆ ವರ್ಷಕ್ಕೂ ಹೆಚ್ಚು. ಸರಕಾರಕ್ಕೆ ಇಷ್ಟು ಕಾಲ ಬೇಕಾದರೆ, ಮೊಬೈಲಿನೊಳಗಿನ ಅಪರಿಚಿತನಿಗೆ ಮೂರು ತಿಂಗಳು ಹೇಗೆ ಸಾಕಾದೀತು?

ನಾಲ್ಕು: ಇನ್ನೊಬ್ಬರನ್ನು ಸೇರಿಸಬೇಕೆ? ಒಬ್ಬ ಐವರನ್ನು, ಆ ಐವರು ತಲಾ ಐವರನ್ನು ಸೇರಿಸುತ್ತ ಹೋದರೆ 5, 25, 125, 625 ಎಂದು ಬೆಳೆಯುತ್ತದೆ. ಒಂಬತ್ತನೆಯ ಮೆಟ್ಟಿಲಿನಲ್ಲಿ ಬೇಕಾಗುವ ಜನ 19,53,125. 2011ರ ಜನಗಣತಿಯಂತೆ ಸೊಲ್ಲಾಪುರ ನಗರದ ಜನಸಂಖ್ಯೆ 9,51,558. ಅದರ ಎರಡರಷ್ಟು ಜನ ಬೇಕಾಯಿತು. ಹದಿಮೂರನೆಯ ಮೆಟ್ಟಿಲಿಗೆ 122 ಕೋಟಿ. ಅದೇ ಜನಗಣತಿಯಲ್ಲಿ ಇಡೀ ಭಾರತದ್ದೇ 121 ಕೋಟಿ! ಸರಪಣಿ ಎಲ್ಲಿ ಕಡಿದರೂ ಸೇರಿದ ಐವರಲ್ಲಿ ನಾಲ್ವರು ಕೊನೆಯ ಮೆಟ್ಟಿಲಿನವರೇ. ಅವರಿಗೆ ಬರುವುದು ಏನೂ ಇಲ್ಲ. ಆದ್ದರಿಂದಲೇ ಇಂಥ ಹಣದ ಸರಪಣಿಗಳನ್ನು 1978ರ ಕಾಯಿದೆ ನಿಷೇಧಿಸಿದೆ. ಅನುಮತಿಯಿಲ್ಲದೆ ಠೇವಣಿ ಪಡೆಯುವುದನ್ನು 2019ರ ಕಾಯಿದೆ ನಿಷೇಧಿಸಿದೆ.

ಐದು: ಇದನ್ನು ಮನೆಯಲ್ಲಿ ಕನ್ನಡದಲ್ಲಿ ವಿವರಿಸಬಲ್ಲೆನೆ? ಹಣ ಯಾರಿಂದ, ಏತಕ್ಕೆ, ಹೇಗೆ ಬರುತ್ತದೆ ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ತಾಯಿಗೆ ತಿಳಿಯುವಂತೆ ಹೇಳಲಾಗದಿದ್ದರೆ, ನಮಗೇ ಅದು ತಿಳಿದಿಲ್ಲ. "ಯಾರಿಗೂ ಹೇಳಬೇಡ" ಎಂದು ಹೇಳಿಕೊಟ್ಟಿದ್ದರಂತೂ ಉತ್ತರ ಸಿಕ್ಕಂತೆಯೇ.

ದೊಡ್ಡ ತರಗತಿಯ ಮಕ್ಕಳಿಗೆ ಇನ್ನೊಂದು ಎಚ್ಚರಿಕೆ. "ನಿನ್ನ ಬ್ಯಾಂಕು ಖಾತೆಯನ್ನು ಕೆಲವು ದಿನ ಬಳಸಲು ಕೊಡು, ಬಾಡಿಗೆ ಕೊಡುತ್ತೇವೆ" ಎನ್ನುವವರಿದ್ದಾರೆ. ಬೇರೆಯವರಿಂದ ಲಪಟಾಯಿಸಿದ ಹಣ ಆ ಖಾತೆಯ ಮೂಲಕ ಹಾಯುತ್ತದೆ. ಪೋಲೀಸರು ಬರುವುದು ಖಾತೆಯ ಮೇಲೆ ಹೆಸರಿರುವವನ ಮನೆಗೆ.

ನನ್ನ ಪಾಲಿನ ಪಾಠ

ಈ ಬುದ್ಧಿ ನನಗೆ ಪುಸ್ತಕದಿಂದ ಬಂದದ್ದಲ್ಲ. 2003ರಲ್ಲಿ ಡಿ.ಎಡ್. ಮುಗಿಸಿ ಹೊಸದಾಗಿ ನೌಕರಿಗೆ ಸೇರಿದ್ದೆ. ಒಂದು ಸರಪಣಿ ಯೋಜನೆಗೆ 5,000 ಕಟ್ಟಿ, ಐವರನ್ನು ಸೇರಿಸಲು ಹೊರಟೆ. ಹೊರಗಿನವರು ಯಾರೂ ನಂಬಲಿಲ್ಲ. ನನ್ನ ಸೋದರಮಾವ ನಂಬಿದರು. "ಮಾಸ್ತರ ಆದ ಅಳಿಯ ಸುಳ್ಳು ಹೇಳತಾನೇನು?" ಎಂದು ಹಿಂಗಾರಿ ಬಿತ್ತನೆಯ ಬೀಜಕ್ಕೆಂದು ಇಟ್ಟಿದ್ದ ಹಣ ಕೊಟ್ಟರು. ಎಂಟು ತಿಂಗಳಲ್ಲಿ ಕಚೇರಿಗೆ ಬೀಗ ಬಿತ್ತು. ಮಾವ ಆ ವರ್ಷ ಸಾಲ ಮಾಡಿ ಬಿತ್ತಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಹಣವನ್ನು ಕಂತು ಕಂತಾಗಿ ಹಿಂತಿರುಗಿಸಿದೆ. ಅವರು ಕೇಳದೆ ಬಿಟ್ಟ ಆ ಮಾತು ಮಾತ್ರ ಇಂದಿಗೂ ತೀರದ ಸಾಲ. ಸರಪಣಿಯ ಮೋಸದಲ್ಲಿ ಹೋಗುವುದು ನಮ್ಮ ಹಣವಷ್ಟೇ ಅಲ್ಲ. ನಮ್ಮನ್ನು ನಂಬಿದವರ ಹಣವನ್ನು ನಮ್ಮ ಕೈಯಿಂದಲೇ ತೆಗೆಸುತ್ತಾರೆ.

ಮೋಸವಾದರೆ

ಪಾಲಕರಲ್ಲಿ ಒಂದು ವಿನಂತಿ. ಮಗ ಹಣ ಕಳೆದುಕೊಂಡನೆಂದು ತಿಳಿದಾಗ ಮೊದಲು ಕೋಲು ಹುಡುಕಬೇಡಿರಿ, ಫೋನು ಹುಡುಕಿರಿ. 1930 ಎಂಬ ಸಂಖ್ಯೆಗೆ ಕರೆಮಾಡಿ ದೂರು ಬರೆಸಿರಿ, ಬ್ಯಾಂಕಿಗೂ ತಿಳಿಸಿರಿ. ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯಲು ಸಾಧ್ಯವಾಗಬಹುದು. ತಡಮಾಡಿದಷ್ಟೂ ಆಸೆ ಕಡಿಮೆ. ಬೈಗುಳಕ್ಕೆ ಹೆದರಿದ ಮಗು 5,000 ಮುಚ್ಚಿಡಲು ಇನ್ನೂ 12,000 ಕಳೆಯುತ್ತದೆ. ಮೋಸಗಾರನಿಗೆ ಬೇಕಾದದ್ದೂ ಆ ಹೆದರಿಕೆಯೇ.

ಆ ತಾಯಿಯೂ ಮಗನೂ ನನ್ನೆದುರಿಗೇ ದೂರು ಬರೆಸಿದರು. ಹೋದ ಐದು ಸಾವಿರ ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ಆದರೆ ಮೊನ್ನೆ ಪಾಲಕರ ಸಭೆಗೆ ಬಂದಾಗ ಅವರ ಕಿವಿಯಲ್ಲಿ ಬೆಂಡೋಲೆ ಇತ್ತು. ಹುಡುಗ ಈಗ ತಾಯಿ ಮಾಡುವ ಕಡಕ್ ರೊಟ್ಟಿಯ ಲೆಕ್ಕವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಾನೆ. ಮೊದಲ ತಿಂಗಳು ಖರ್ಚು ಕಳೆದು ಉಳಿದದ್ದು 640 ರೂಪಾಯಿ. "ಇಷ್ಟೇ ಸರ್" ಎಂದು ನಾಚಿಕೊಂಡ. ಯಾರಿಂದ ಬಂತು, ಏತಕ್ಕೆ ಬಂತು ಎಂದು ಕೇಳಿದೆ. ಒಂದೊಂದು ರೂಪಾಯಿಗೂ ಅವನಲ್ಲಿ ಉತ್ತರವಿತ್ತು.

ಅತಿ ಆಸೆ ಗತಿಗೇಡು ಎಂದು ಹಿರಿಯರು ಹೇಳಿದರು. ಆಸೆಯೇ ಬೇಡವೆಂದು ಅವರು ಹೇಳಲಿಲ್ಲ. ಆಸೆ ಇರಲಿ, ಜೊತೆಗೆ ಲೆಕ್ಕದ ನೋಟುಬುಕ್ಕೂ ಇರಲಿ.