ಟ್ಯೂಬಿನ ಮುಲಾಮು ಎಲ್ಲಿಗೆ ಮುಟ್ಟುತ್ತದೆ?

ಬೇಸಿಗೆಯಲ್ಲಿ ಧಾರವಾಡದ ಕೆಲಗೇರಿ ಕಡೆಯ ತೋಟಗಳ ಆಪೂಸ್ ಹುಬ್ಬಳ್ಳಿ ಪೇಟೆಗೆ ಇಳಿಯುತ್ತಿದ್ದಂತೆ ಮನೆಗಳಲ್ಲಿ ಎಚ್ಚರಿಕೆಯೂ ಶುರುವಾಗುತ್ತದೆ: “ಭಾಳ ಮಾವಿನಹಣ್ಣ ತಿನಬ್ಯಾಡ, ಕುರಾ ಏಳತಾವ.” ಎದ್ದರೆ ಔಷಧದಂಗಡಿಯಿಂದ ಒಂದು ಟ್ಯೂಬ್ ಬರುತ್ತದೆ. ಹಣ್ಣಿನ ಮೇಲಿನ ಆರೋಪಕ್ಕೆ ಆಧಾರವಿಲ್ಲ. ಟ್ಯೂಬಿನ ಮೇಲಿನ ನಂಬಿಕೆಯೂ ಈ ಸಂದರ್ಭದಲ್ಲಿ ದಂಡ.

ಕುರು ಎಬ್ಬಿಸುವುದು ಸಾಮಾನ್ಯವಾಗಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ಮೂಗಿನೊಳಗೆ ಅದು ಸುಮ್ಮನೆ ಕೂತಿರುತ್ತದೆ. ಬೆವರು, ಬಿಗಿ ಬಟ್ಟೆಯ ತಿಕ್ಕಾಟ, ಉಗುರಿನ ಕೆರೆತ ದಾರಿ ಮಾಡಿಕೊಟ್ಟಾಗ ಕೂದಲ ಬುಡಕ್ಕೆ ಇಳಿಯುತ್ತದೆ. ಅಷ್ಟು ಆಳದ ಕೀವಿಗೆ ಮೇಲೆ ಹಚ್ಚಿದ ಮುಲಾಮು ಮುಟ್ಟುವುದೇ ಇಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಕೊಡಬೇಕು. ಕುರು ದೊಡ್ಡದಾದರೆ ವೈದ್ಯರೇ ಕೊಯ್ದು ಕೀವು ತೆಗೆಯಬೇಕು. ಹಿಚುಕುವುದಂತೂ ಬೇಡ. (ಮಾವಿನ ಸೊನೆ ತಾಗಿ ತುಟಿಯ ಸುತ್ತ ಉರಿದು ಗುಳ್ಳೆ ಏಳುವುದುಂಟು. ಅದು ಸೋಂಕಲ್ಲ, ಅಲರ್ಜಿ. ಆ್ಯಂಟಿಬಯಾಟಿಕ್‌ಗೆ ಅಲ್ಲಿ ಕೆಲಸವಿಲ್ಲ.)

ಹಾಗಾದರೆ ಟ್ಯೂಬ್ ನಿಜಕ್ಕೂ ಗೆಲ್ಲುವುದೆಲ್ಲಿ? ಚರ್ಮದ ಮೇಲ್ಪದರದಲ್ಲಿ. ಮಕ್ಕಳ ಮೂಗು, ಬಾಯಿಯ ಸುತ್ತ ಗುಳ್ಳೆ ಒಡೆದು ಜೇನಿನ ಬಣ್ಣದ ಹಕ್ಕಳೆ ಕಟ್ಟುವ ಇಂಪೆಟೈಗೊ ಅದಕ್ಕೆ ಒಳ್ಳೆಯ ಉದಾಹರಣೆ. ಒಂದೆರಡು ಕಡೆ ಮಾತ್ರ ಇದ್ದರೆ ಶೇ 2ರ ಮ್ಯುಪಿರೊಸಿನ್ ಅಥವಾ ಫ್ಯುಸಿಡಿಕ್ ಆಮ್ಲದ ಮುಲಾಮು ಸಾಕು. ಉಗುರುಬೆಚ್ಚಗಿನ ನೀರು, ಸೋಪಿನಿಂದ ಹಕ್ಕಳೆ ನೆನೆಸಿ ತೆಗೆದು, ಒರೆಸಿ, ತೆಳ್ಳಗೆ ಹಚ್ಚಬೇಕು. ದಿನಕ್ಕೆ ಎರಡು ಮೂರು ಸಲ, ಸಾಮಾನ್ಯವಾಗಿ ಐದು ದಿನ. ಹಕ್ಕಳೆಯ ಮೇಲೆಯೇ ದಪ್ಪಗೆ ಬಳಿದರೆ ಔಷಧ ಹಕ್ಕಳೆಗೆ ಸೇರುತ್ತದೆ, ಹುಣ್ಣಿಗಲ್ಲ. ಮಗುವಿನ ಟವೆಲ್ಲು ಬೇರೆ ಇರಲಿ.

ಮ್ಯುಪಿರೊಸಿನ್ ಹುಟ್ಟಿದ್ದೇ ಒಂದು ಬ್ಯಾಕ್ಟೀರಿಯಾದಿಂದ, ಅದರ ಹೆಸರು ಸ್ಯೂಡೊಮೊನಾಸ್ ಫ್ಲೋರೆಸೆನ್ಸ್. ಶತ್ರು ಬ್ಯಾಕ್ಟೀರಿಯಾ ಪ್ರೋಟೀನ್ ಕಟ್ಟದಂತೆ ಇದು ತಡೆಯುತ್ತದೆ. ಇಂಥ ಔಷಧವನ್ನು ಸಿಕ್ಕಾಪಟ್ಟೆ ಬಳಸಿದರೆ ಏನಾಗುತ್ತದೆಂದು ನ್ಯೂಜಿಲೆಂಡ್ ನೋಡಿತು. ಅಲ್ಲಿ 1991ರಿಂದ ಚೀಟಿಯಿಲ್ಲದೆ ಸಿಕ್ಕ ಮ್ಯುಪಿರೊಸಿನ್‌ಗೆ ಜಗ್ಗದ ಸ್ಟ್ಯಾಫ್ ಹೆಚ್ಚಿತು. 2000ದಲ್ಲಿ ಮತ್ತೆ ವೈದ್ಯರ ಚೀಟಿ ಕಡ್ಡಾಯವಾಯಿತು. ನಮ್ಮಲ್ಲಿ 2014ರಲ್ಲಿ ಜಾರಿಯಾದ ಎಚ್1 ಪಟ್ಟಿ ಕೆಲವು ಆ್ಯಂಟಿಬಯಾಟಿಕ್‌ಗಳ ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಲು ಹೇಳುತ್ತದೆ. ಚರ್ಮಕ್ಕೆ ಹಚ್ಚುವವು ಅದರಿಂದ ಹೊರಗೆ.

ಮನೆಯ ಕಪಾಟಿನ ಹಳೇ ನೆಂಟ ಸೋಫ್ರಾಮೈಸಿನ್. ಅದರಲ್ಲಿರುವ ಫ್ರಾಮೈಸೆಟಿನ್ ಅಂದರೆ ನಿಯೋಮೈಸಿನ್ ಬಿ. ಕೆಲವರಿಗೆ ಇದೇ ತುರಿಕೆ, ದದ್ದು ತರುತ್ತದೆ. ಅಮೆರಿಕದ ಚರ್ಮ-ಅಲರ್ಜಿ ತಜ್ಞರ ಸಂಘ 2010ರಲ್ಲಿ ನಿಯೋಮೈಸಿನ್‌ಗೆ ‘ವರ್ಷದ ಅಲರ್ಜಿಕಾರಕ’ ಎಂಬ ಪಟ್ಟ ಕಟ್ಟಿತು. ಇನ್ನೂ ಕೆಟ್ಟದ್ದು ಸ್ಟೀರಾಯ್ಡ್ ಬೆರೆತ ಟ್ಯೂಬುಗಳು. ಉರಿ ತಕ್ಷಣ ತಗ್ಗುತ್ತದೆ, ಒಳಗಿನ ಸೋಂಕು ಮಾತ್ರ ಮರೆಯಲ್ಲೇ ಬೆಳೆಯುತ್ತದೆ. ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರನಾಶಕ ಎಲ್ಲ ಕಲಸಿದ ಪ್ಯಾಂಡರ್ಮ್‌ನಂಥ ಮಿಶ್ರಣಗಳು 2018ರ ಸರ್ಕಾರಿ ನಿಷೇಧದ ಪಟ್ಟಿಯಲ್ಲಿದ್ದವು.

ಸ್ವಚ್ಛವಾದ ಸಣ್ಣ ತರಚುಗಾಯಕ್ಕೆ ಆ್ಯಂಟಿಬಯಾಟಿಕ್ ಬೇಕೇ ಇಲ್ಲ. ಸಣ್ಣ ಶಸ್ತ್ರಚಿಕಿತ್ಸೆಗೆ ಒಳಗಾದ 900ಕ್ಕೂ ಹೆಚ್ಚು ಜನರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಬ್ಯಾಸಿಟ್ರಾಸಿನ್ ಮುಲಾಮನ್ನೂ ಬರೀ ವ್ಯಾಸಲೀನ್ ಬಗೆಯ ಜೆಲ್ಲಿಯನ್ನೂ ಹೋಲಿಸಿತು. ಸೋಂಕಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಐದು ದಿನಕ್ಕೂ ಹುಣ್ಣು ಮಾಯದಿದ್ದರೆ, ಕೆಂಪು ಹರಡಿದರೆ, ಜ್ವರ ಬಂದರೆ, ಅಥವಾ ರೋಗಿಗೆ ಸಕ್ಕರೆ ಕಾಯಿಲೆ ಇದ್ದರೆ ಟ್ಯೂಬ್ ಬದಲಿಸುತ್ತ ಕೂರಬೇಡಿ. ಹುಬ್ಬಳ್ಳಿ ವಿದ್ಯಾನಗರದ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲೋ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೋ ತೋರಿಸಿ. ಚರ್ಮದ ಸೋಂಕು ಕಂಡ ಕೆಲವು ವಾರಗಳಲ್ಲಿ ಮಗುವಿನ ಮುಖ ಬಾತು, ಮೂತ್ರ ಕಂದುಗೆಂಪಾದರೆ ಅದೇ ದಿನ ಹೋಗಿ: ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೆ ಮೂತ್ರಪಿಂಡ ಊದಿಕೊಳ್ಳುವುದುಂಟು.